ಗೇಟ್ ಮಾವನ ನಾಲ್ಕು ಮಾತು

ಇಪ್ಪತ್ತೆರಡು ವರ್ಷಗಳಿಂದ ನಮ್ಮ ಕಾಲೇಜಿನ ಗೇಟು ಕಾಯುತ್ತಿದ್ದ ವಾಚ್‌ಮನ್‌ನನ್ನು ಎಲ್ಲರೂ ಗೇಟ್ ಮಾವ ಎನ್ನುತ್ತಿದ್ದೆವು. ನಮ್ಮ ಚಿತ್ರಸಂಘ ತೆಗೆದ ಟಿವಿ ಧಾರಾವಾಹಿಯಲ್ಲಿ ಅವರದು ನಾಯಕನ ಅಪ್ಪನ ಪಾತ್ರ. ಆಸ್ಪತ್ರೆಯ ಮಂಚ ಒಂದೇ ದಿನಕ್ಕೆ ಸಿಕ್ಕಿದ್ದರಿಂದ ಅಪ್ಪ ಸಾಯುವ ದೃಶ್ಯವನ್ನೇ ಮೊದಲು ತೆಗೆದೆವು.

"ಒಂದು ಮಾತೂ ಆಡೋಕೆ ಮುಂಚೆನೇ ಸಾಯಿಸಿಬಿಟ್ರಲ್ಲೋ!" ಎಂದು ಮಾವ ನಕ್ಕರು.

ಮಗನಿಗೆ ಬುದ್ಧಿ ಹೇಳುವ ನಾಲ್ಕು ಮಾತನ್ನು ಅವರು ತಿಂಗಳಿಡೀ ಬಾಯಿಪಾಠ ಮಾಡಿ, ಒಂದೇ ಟೇಕಿನಲ್ಲಿ ಹೇಳಿ ಮುಗಿಸಿದರು. ಸಂಕಲನ ನನ್ನದು. ಕಂತು ಉದ್ದವಾಯಿತೆಂದು ಆ ದೃಶ್ಯವನ್ನು ಕತ್ತರಿಸಿದೆ. ಅದನ್ನು ಅವರಿಗೆ ಹೇಳಲು ನಾಲಗೆ ಏಳಲಿಲ್ಲ.

ಆ ಕಂತನ್ನು ಕಾಲೇಜಿನ ಸಭಾಂಗಣದಲ್ಲಿ ತೋರಿಸಿದ ದಿನ ಮಾವ ಹೆಂಡತಿಯನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಪರದೆಯ ಮೇಲೆ ಬಿಳಿ ಹೊದಿಕೆ ಹೊದ್ದು ಮಲಗಿದ ಅವರ ಮುಖ ಬಂದು ಹೋಯಿತು, ಅಷ್ಟೇ.

"ಏನ್ರೀ, ಬಾಯೇ ಬಿಡ್ಲಿಲ್ಲ? ಮನೇಲಿ ನನ್ನ ಕಿವಿ ತೂತು ಮಾಡಿದ್ರಲ್ಲ!" ಎಂದರು ಹೆಂಡತಿ.

"ಸತ್ತೋನು ಮಾತಾಡ್ತಾನೇನೇ?"

ಆಮೇಲೆ ಮಾವ ನನ್ನನ್ನು ಬಾಗಿಲ ಬಳಿ ನಿಲ್ಲಿಸಿದರು. "ಆ ನಾಲ್ಕು ಮಾತು ನಿನ್ನ ಹತ್ರ ಇರುತ್ತಲ್ಲ ಮಗಾ? ಇವಳಿಗೆ ಒಂದ್ಸಲ ತೋರ್ಸಪ್ಪ, ಸಾಕು."

ಮುಂದಿನ ಕಂತಿಗೆ ಕ್ಯಾಮೆರಾ ಕಾರ್ಡಿನಲ್ಲಿ ಜಾಗ ಸಾಲದೆ, ಹಿಂದಿನ ವಾರವೇ ಆ ದೃಶ್ಯವನ್ನು ಅಳಿಸಿದ್ದೆ.

"ಹುಡುಕ್ತೀನಿ ಮಾವ," ಎಂದೆ.

ಅಂದಿನಿಂದ ದಿನಾ ಬೆಳಿಗ್ಗೆ ಗೇಟು ತೆಗೆಯುವಾಗ "ಸಿಕ್ತಾ?" ಎಂದು ಕೇಳುತ್ತಿದ್ದರು. ಈಗ ನಾನು ಹಿಂಬಾಗಿಲಿನಿಂದ ಕಾಲೇಜಿಗೆ ಹೋಗುತ್ತೇನೆ.