ಎಡೆಗಿಟ್ಟ ಹಸಿರು ಸೀರೆ

ನಮ್ಮ ಬಳ್ಳಾರಿ ಸೀಮೆಯಲ್ಲಿ ಯಾರ ಮನೆತನದ ಮೂಲ ಕೆದಕಿದರೂ ಕೊನೆಗೊಬ್ಬ ಪಾಳೇಗಾರ ಸಿಕ್ಕೇ ಸಿಗುತ್ತಾನೆ. ಪಾಳೇಗಾರನ ಕುದುರೆಗೆ ಹುಲ್ಲು ಹಾಕಿದವನ ಮೊಮ್ಮಕ್ಕಳು ಎಲ್ಲಿ ಹೋದರೋ, ಒಬ್ಬರೂ ಸಿಗುವುದಿಲ್ಲ. ಇತಿಹಾಸ ಪಾಠ ಮಾಡುವಾಗ ಇದನ್ನು ಹೇಳಿ ಹುಡುಗರನ್ನು ನಗಿಸುತ್ತೇನೆ. ಕತೆ ಯಾವುದೇ ಇರಲಿ, ಅದರಿಂದ ಲಾಭ ಯಾರಿಗೆ ಅಂತ ಮೊದಲು ಕೇಳಿ ಅನ್ನುತ್ತೇನೆ. ಅಜ್ಜಿ ತೀರಿಕೊಂಡು ವರ್ಷ ಕಳೆದ ಮೇಲೆ ನಮ್ಮದೇ ಮನೆಯ ವಂಶಾವಳಿ ಬರೆಯಲು ಕೂತೆ. ಸ್ವಂತದವರನ್ನೂ ನಂಬಬಾರದು ಅಂತ ಗಟ್ಟಿಮಾಡಿಕೊಂಡೇ ಕೂತೆ.

ಮಹಾಲಯ ಅಮಾವಾಸ್ಯೆಗೆ ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತ ಗಂಡಸರಿಗೆ ಧೋತರ, ವಿಧವೆಯಾಗಿ ಸತ್ತ ಹೆಂಗಸರಿಗೆ ಬಿಳಿ ಸೀರೆ. ಇವುಗಳ ಪಕ್ಕದಲ್ಲಿ ಅಜ್ಜಿ ಪ್ರತಿ ವರ್ಷ ಒಂದು ಹಸಿರು ಸೀರೆ, ಹಸಿರು ಬಳೆ, ಕುಂಕುಮ ಇಡಿಸುತ್ತಿದ್ದಳು. ಪೂಜೆ ಮುಗಿದ ಮೇಲೆ ಆ ಸೀರೆಯನ್ನು ಸಿರುಗುಪ್ಪದಿಂದ ಬಂದ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಉಡಿಸುತ್ತಿದ್ದಳು. ಸೊಸೆಯಾದ ನಮ್ಮವ್ವನಿಗೆ ಒಂದು ವರ್ಷವೂ ಕೊಟ್ಟವಳಲ್ಲ.

“ಮಗಳಿಗೆ ಸೀರಿ ಕೊಡಾಕ ಹಿರ್ಯಾರ ನೆವ ಬ್ಯಾರೆ,” ಅಂತ ಅವ್ವ ಅಡುಗೆಮನೆಯಲ್ಲಿ ಗೊಣಗುತ್ತಿದ್ದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ನಮ್ಮವ್ವನದು ಗಂಡನ ಅಕ್ಕನ ಮೇಲೆ. ಈ ವರ್ಷ ಹಬ್ಬ ಹತ್ತಿರ ಬಂದಾಗ ಅವ್ವ ಖಡಾಖಂಡಿತವಾಗಿ ಹೇಳಿಬಿಟ್ಟಳು: “ನಿಮ್ಮಜ್ಜಿಗೆ ಬಿಳಿ ಸೀರಿ ಇಡ್ತೀನಿ, ಮುಗೀತು. ಹಸಿರು ಯಾರಿಗಂತ ಇಡ್ಲಿ? ನೀ ಇತಿಹಾಸ ಓದೀಯಲ್ಲ, ಹೆಸ್ರು ಹೇಳು, ಇಡ್ತೀನಿ.”

ಅಪ್ಪ ಹೋದ ಮೇಲೆ ಅತ್ತೆ ತವರಿಗೆ ಬರುತ್ತಿದ್ದದ್ದು ಆ ಹಬ್ಬಕ್ಕೊಂದೇ. ಸೀರೆ ನಿಂತರೆ ಆಕೆಯ ಬರುವಿಕೆಯೂ ನಿಂತ ಹಾಗೆ. ನನಗೆ ಸಂಕಟವಾಯಿತು. ಆದರೂ ಅವ್ವನ ಮಾತು ತಪ್ಪು ಅನ್ನಿಸಲಿಲ್ಲ. ಹಸಿರು ಸೀರೆ ಇಡುವುದು ಮುತ್ತೈದೆಯಾಗಿ ಸತ್ತವಳಿಗೆ. ನಾನು ಬರೆದ ವಂಶಾವಳಿಯಲ್ಲಿ ಅಜ್ಜನ ತಾಯಿ ವಿಧವೆ, ಆಕೆಯ ಅತ್ತೆ ವಿಧವೆ, ಕೊನೆಗೆ ನಮ್ಮಜ್ಜಿಯೂ ವಿಧವೆ. ಮುತ್ತೈದೆ ಅನ್ನುವವಳೇ ಇಲ್ಲ. ಲಾಭ ಯಾರಿಗೆ ಅಂತ ಕೇಳಿಕೊಂಡರೆ ಉತ್ತರ ಸಿರುಗುಪ್ಪದಲ್ಲಿತ್ತು.

ಹೋದೆ. ಅತ್ತೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಸೀರೆಯ ಮಾತು ಎತ್ತಿದ ಕೂಡಲೇ ಕೈ ನಿಂತಿತು.

“ನನಗೇನ್ ಗೊತ್ತವ್ವಾ? ಅವ್ವ ಉಟ್ಕೋ ಅಂತಿದ್ಲು, ಉಟ್ಕೋತಿದ್ದೆ. ಯಾಕ, ಬರಬ್ಯಾಡ ಅಂತ ನಿಮ್ಮವ್ವ ಹೇಳಿ ಕಳಿಸ್ಯಾಳೇನು?”

“ಹಂಗೇನಿಲ್ಲ ಅತ್ತಿ. ಉಟ್ಕೊಂಡ ಮ್ಯಾಲೆ ಅಜ್ಜಿ ನಿನ್ನ ಎಲ್ಲಿಗೋ ಕರ್ಕೊಂಡು ಹೋಗ್ತಿದ್ಲಲ್ಲ?”

“ಕುರುಗೋಡಿಗೆ. ಗುಡಿ ಹಿಂದಿನ ಓಣ್ಯಾಗ ದೂರದ ಸಂಬಂಧ ಅಂತ. ಆ ಮನಿಯಾಕಿ ನನ್ನ ಉಡಿ ತುಂಬ್ತಿದ್ಲು,” ಅಂದು ಅತ್ತೆ ಚಹಾ ಮಾಡುವ ನೆಪದಲ್ಲಿ ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಏನೋ ಮುಚ್ಚಿಡುತ್ತಿದ್ದಾಳೆ ಅನ್ನುವುದು ನನಗೆ ಖಾತ್ರಿಯಾಯಿತು.

ಮಡಿಲಿಗೆ ಅಕ್ಕಿ, ಕೊಬ್ಬರಿ, ಅರಿಷಿಣ ಹಾಕಿ ಮಗಳ ಉಡಿ ತುಂಬಿ ಕಳಿಸುವುದು ತವರಿನವರ ಹಕ್ಕು. ಅಜ್ಜಿ ಆದೋನಿ ಕಡೆಯವಳು, ತೆಲುಗಿನಲ್ಲೇ ಬೈಯುವವಳು. ಆಕೆಯ ಮಗಳಿಗೆ ಕುರುಗೋಡಿನಲ್ಲಿ ಎಲ್ಲಿಯ ತವರು? ಅಜ್ಜಿಯೂ ಮಗಳೂ ಸೇರಿ ನಮ್ಮನ್ನೆಲ್ಲ ಆಡಿಸಿದ್ದಾರೆ ಅನ್ನುವ ಸಿಟ್ಟಿನಲ್ಲೇ ಮರುದಿನ ಕುರುಗೋಡಿನ ಬಸ್ಸು ಹತ್ತಿದೆ.

ಬಸವೇಶ್ವರ ಗುಡಿಯ ಹಿಂದಿನ ಆ ಮನೆಯ ಕಟ್ಟೆಯ ಮೇಲೆ ಒಬ್ಬ ಹಣ್ಣು ಮುದುಕಿ ಕೂತಿದ್ದಳು. ಅತ್ತೆಯ ಉಡಿ ತುಂಬುತ್ತಿದ್ದವಳು ಆಕೆಯೇ. ನಾನು ಯಾರ ಮೊಮ್ಮಗಳು ಅಂತ ಹೇಳಿದರೂ ಒಳಗೆ ಕರೆಯಲಿಲ್ಲ.

“ಹೊಲದ ತಕರಾರಿಗೆ ಬಂದೀಯೇನು?” ಅಂದಳು.

“ಇಲ್ಲಬೇ, ನಮ್ಮ ಮನಿತನದ್ದು ಬರಿಯಾಕ ಹತ್ತೀನಿ.”

ಆಕೆ ನನ್ನ ಮುಖವನ್ನು ಸೋಸಿ ನೋಡಿದಳು. “ಹಸಿರು ಸೀರಿಯಾಕಿ ನಿನ್ನ ಜೋಡಿ ಯಾಕ ಬರ್ಲಿಲ್ಲ? ಅರಾಮ ಅದಾಳಿಲ್ಲ?” ಅಂದಳು. ಆಗ ಆಕೆಯ ದನಿ ಸಣ್ಣಗಾಗಿತ್ತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

“ಆಕಿ ನಮ್ಮಕ್ಕನ ಮಗಳು,” ಅಂದಳು ಮುದುಕಿ. “ನಿಮ್ಮಜ್ಜನ ಮೊದಲ ಹೇಣ್ತಿ ನಮ್ಮಕ್ಕ. ಹಡೀತಾ ಹಡೀತಾ ಹ್ವಾದ್ಲು, ಕೂಸು ಉಳೀತು. ನಿಮ್ಮಜ್ಜಿ ಲಗ್ನಾಗಿ ಬಂದಾಗ ಕೂಸಿಗೆ ಇನ್ನಾ ಹಲ್ಲು ಬಂದಿದ್ದಿಲ್ಲ. ಮಲತಾಯಿ ಅನ್ನೋ ಮಾತು ಇದರ ಕಿವಿಗೆ ಬೀಳಬಾರದು ಅಂತ ಗಂಡನ್ನ ಹೊರಡಿಸಿಕೊಂಡು ಈ ಊರು ಬಿಟ್ಟು ಬಳ್ಳಾರಿಗೆ ಹ್ವಾದ್ಲು. ಹೋಗಾಗ ನಮ್ಮವ್ವಗ ಮಾತು ಕೊಟ್ಲು: ನಿಮ್ಮ ಮಗಳ ಎಡಿ ಸೀರಿ ನಿಮ್ಮ ಮೊಮ್ಮಗಳೇ ಉಡ್ತಾಳ, ಉಟ್ಕೊಂಡು ಬಂದು ನಿಮಗ ಮಾರಿ ತೋರಿಸ್ತಾಳ ಅಂತ. ಒಂದ್ ವರ್ಷಾನೂ ತಪ್ಪಿಸಲಿಲ್ಲ.”

ವಾಪಸು ಬರುವಾಗ ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಅಜ್ಜಿಯನ್ನು ಪಕ್ಷಪಾತಿ ಅಂದುಕೊಂಡಿದ್ದೆವು, ಅದೂ ಜೀವನಪೂರ್ತಿ. ಆಕೆ ಸವತಿಯ ಸೀರೆಯನ್ನು ಸವತಿಯ ಮಗಳಿಗೆ ಮುಟ್ಟಿಸುತ್ತಿದ್ದಳು, ಅಷ್ಟೇ. ಆದರೆ ಇದನ್ನು ಅವ್ವನಿಗೆ ಹೇಳಿದರೆ ಮಾತು ಒಂದು ದಿನವೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಎಪ್ಪತ್ತು ದಾಟಿದ ಅತ್ತೆಗೆ, ನೀನು ಅವ್ವ ಅಂದವಳು ನಿನ್ನ ಅವ್ವ ಅಲ್ಲ ಅಂತ ಯಾರು ಹೇಳಬೇಕು?

“ಹೆಸ್ರು ಸಿಕ್ತೇನು?” ಅಂದಳು ಅವ್ವ.

“ಸಿಕ್ತು. ಅಜ್ಜನ ದೊಡ್ಡವ್ವ. ಮಕ್ಕಳಿಲ್ಲದ ಮುತ್ತೈದಿಯಾಗಿ ಹ್ವಾದಾಕಿ,” ಅಂದೆ. ಹೆಸರನ್ನೂ ಒಂದು ಹುಟ್ಟಿಸಿದೆ. ಪಾಳೇಗಾರರನ್ನು ಹುಟ್ಟಿಸಿದವರನ್ನು ನೋಡಿ ನಕ್ಕವಳು ನಾನು!

“ಇಷ್ಟು ದಿನ ಇಲ್ಲದಾಕಿ ಈಗ ಎಲ್ಲಿಂದ ಬಂದ್ಲು?” ಅವ್ವ ನಂಬಲಿಲ್ಲ. ಆದರೆ ಸತ್ತವರ ವಿಷಯ ನೋಡಿ, ಎಡೆ ತಪ್ಪಿಸಲು ಧೈರ್ಯವೂ ಬರಲಿಲ್ಲ. ಹಬ್ಬದ ದಿನ ಹಸಿರು ಸೀರೆ ತನ್ನ ಜಾಗದಲ್ಲಿತ್ತು.

ಪೂಜೆಯಾದ ಮೇಲೆ ಅತ್ತೆ ಒಳಕೋಣೆಯಲ್ಲಿ ಅದನ್ನು ಉಡುತ್ತ ನನ್ನನ್ನು ಕರೆದಳು. “ಕುರುಗೋಡಿಗೆ ಹೋಗಿದ್ದೆಂತಲ್ಲ. ಆಕಿ ಏನಂದ್ಲು?”

“ದೂರದ ಸಂಬಂಧ ಅಂದ್ಲು ಅತ್ತಿ.”

ಅತ್ತೆ ನೆರಿಗೆ ಹಿಡಿದ ಕೈ ಬಿಡದೆ ನನ್ನನ್ನು ನೋಡಿದಳು. “ದೂರದವರು ಯಾರಾದ್ರೂ ಉಡಿ ತುಂಬ್ತಾರೇನವ್ವಾ?” ಅಂದಳು. “ಲಗ್ನಾದ ವರ್ಷಾನೇ ನನಗ ಅನುಮಾನ ಬಂದಿತ್ತು. ಕೇಳಿದ್ರ ಅವ್ವ ಭಾಳ ನೊಂದ್ಕೋತಿದ್ಲು. ಅದಕ್ಕ ಕೇಳಲಿಲ್ಲ.”

ಊರವರನ್ನೆಲ್ಲ ಅನುಮಾನಿಸಿದ ನನಗೆ ಈ ಅನುಮಾನ ಮಾತ್ರ ಬಂದಿರಲಿಲ್ಲ. ಬಗ್ಗಿ ಆಕೆಯ ನೆರಿಗೆಯ ಕೆಳತುದಿ ಸರಿ ಮಾಡಿದೆ. ಆಮೇಲೆ ಇಬ್ಬರೂ ಊಟ ಮುಗಿಸಿ ಕುರುಗೋಡಿನ ಬಸ್ಸಿಗೆ ಹೊರಟೆವು.