ಗಡಿಯಿಂದ ಬಂದ ಆರಾಮದ ಸುದ್ದಿ

ಅಮೆರಿಕದಲ್ಲಿ ನಾವಿರುವ ಟೊರೆನ್ಸಿನಿಂದ ಆಫೀಸಿರುವ ಗ್ಲೆಂಡೇಲಿಗೆ ಒಬ್ಬರೇ ಡ್ರೈವ್ ಮಾಡಿಕೊಂಡು ಹೋದರೆ ಬೆಳಗಿನ ಹೊತ್ತು ಒಂದೂವರೆ ಗಂಟೆ. ಕಾರಿನಲ್ಲಿ ಇಬ್ಬರಿದ್ದರೆ ಕಾರ್‌ಪೂಲ್ ಲೇನು ಹಿಡಿದು ಐವತ್ತು ನಿಮಿಷ. ನಾನು ಮತ್ತು ಬಾಜಿ ಹತ್ತಿರವಾದದ್ದು ಆ ನಲವತ್ತು ನಿಮಿಷದ ಆಸೆಗೆ. ಅದರಲ್ಲಿ ಸೌಹಾರ್ದ, ವಿಶ್ವಶಾಂತಿ ಎಂಥದೂ ಇರಲಿಲ್ಲ. ಯಾರಾದರೂ ಹಾಗೆ ಹೇಳಿ ತಲೆ ಅಲ್ಲಾಡಿಸಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ಬಾಜಿ ಎಂದರೆ ಉರ್ದುವಿನಲ್ಲಿ ಅಕ್ಕ. ಅವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ನಿಯಂತ್ರಣ ರೇಖೆಯ ಆಚೆಗಿನ, ಪಾಕಿಸ್ತಾನದ ಕಡೆಯ ಕಾಶ್ಮೀರದವರು. ಇಬ್ಬರಿಗೂ ಗ್ಲೆಂಡೇಲಿನ ಒಂದೇ ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವ ಕೆಲಸ. ನಾನು ಬೆಳಗಾವಿ ಕಡೆಯ ಪಿಂಜಾರರ ಮನೆಯವಳು. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ನಮ್ಮ ಮನೆಮಾತು ಕನ್ನಡ. ಅಪ್ಪ ನಮಾಜು ಮುಗಿಸಿ ಎದ್ದವನೇ ನಮ್ಮನ್ನು ಬೈಯುತ್ತಿದ್ದದ್ದೂ ಕನ್ನಡದಲ್ಲೇ. ನನ್ನ ಉರ್ದು ಸಿನಿಮಾ ನೋಡಿ ಕಲಿತದ್ದು. ಅದನ್ನು ಕೇಳಿದ ಮೊದಲ ದಿನ ಬಾಜಿ ನಗು ತಡೆಯಲಾರದೆ ಕಾರನ್ನು ರಸ್ತೆ ಪಕ್ಕಕ್ಕೆ ಹಾಕಿದ್ದರು. ಆಮೇಲೆ ನಾವು ಅರ್ಧ ಇಂಗ್ಲಿಷು, ಅರ್ಧ ಉರ್ದು ಸೇರಿಸಿ ಹೇಗೋ ಮಾತಾಡಿಕೊಂಡೆವು. ಇಲ್ಲಿ ಅವರ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

ನನ್ನ ಒಬ್ಬನೇ ತಮ್ಮ ಭಾರತದ ಸೈನ್ಯದಲ್ಲಿದ್ದ. ಇದನ್ನು ಬಾಜಿಗೆ ಹೇಳಿದ್ದು 2002ರಲ್ಲಿ, ಎರಡೂ ಸೈನ್ಯಗಳು ಗಡಿಯಲ್ಲಿ ಎದುರುಬದುರು ನಿಂತಿದ್ದಾಗ. ಹೇಳಬೇಕೆಂದು ಹೇಳಿದ್ದಲ್ಲ, ಚಿಂತೆಗೆ ಬಾಯಿ ತಪ್ಪಿ ಬಂತು. ಬಾಜಿ ಸ್ಪೀಡು ಇಳಿಸಿ ಪಕ್ಕದ ಲೇನಿಗೆ ಸರಿದರು. ಆಮೇಲೆ, ಹೋದ ತಿಂಗಳು ತನ್ನ ತಾಯಿ, ಅಮ್ಮಿಯ ಮನೆಯ ಮೇಲೆ ಫಿರಂಗಿ ಗುಂಡು ಬಿದ್ದು ಛಾವಣಿ ಹಾರಿಹೋಯಿತೆಂದೂ, ಅಮ್ಮಿ ಈಗ ಪಟ್ಟಣದಲ್ಲಿ ಮಗನ ಮನೆಯ ವರಾಂಡದಲ್ಲಿ ಮಲಗುತ್ತಾಳೆಂದೂ ಹೇಳಿದರು. "ನಿನ್ನ ತಮ್ಮ ಎಲ್ಲಿದ್ದಾನೆ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಅವನ ವಿಳಾಸದಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ, ಬರೀ ನಂಬರು.

2003ರ ರಂಜಾನ್ ಹಬ್ಬಕ್ಕೆ ಎರಡೂ ದೇಶಗಳು ಕದನ ವಿರಾಮ ಸಾರಿದವು. ಬಾಜಿ ಆಫೀಸಿಗೆ ಒಂದು ದೊಡ್ಡ ಡಬ್ಬಿ ತುಂಬ ಶೀರ್ ಖುರ್ಮಾ ಪಾಯಸ ತಂದು, ಯಾವ ದೇಶ ಎಲ್ಲಿದೆ ಎಂದೂ ಗೊತ್ತಿಲ್ಲದ ನಮ್ಮ ಬಾಸಿಗೂ ಎರಡು ಬಟ್ಟಲು ಕುಡಿಸಿದರು. ಚಳಿಗಾಲ ಕಳೆದ ಮೇಲೆ ಅಮ್ಮಿ ತನ್ನ ಹಳ್ಳಿಗೆ ವಾಪಸ್ ಹೋದಳು. ಹೊಸ ತಗಡು ಹೊದಿಸಿದರು, ಕೋಳಿ ಸಾಕಿದಳು, ಮೆಕ್ಕೆಜೋಳ ಬಿತ್ತಿದಳು. ನಾಲ್ಕು ವರ್ಷ ನಮ್ಮ ಕಾರಿನಲ್ಲಿ ಕೋಳಿಗಳ ಸುದ್ದಿ ಕೇಳಿದ್ದೇ ಕೇಳಿದ್ದು. ಯಾವುದಕ್ಕೆ ಕಾವು, ಯಾವುದನ್ನು ನರಿ ಹೊತ್ತೊಯ್ದಿತು, ಎಲ್ಲ ನನಗೆ ಗೊತ್ತಿತ್ತು.

ತಮ್ಮನ ಹತ್ತಿರ ಮಾತ್ರ ನಾನು ಬಾಜಿಯ ವಿಷಯ ಎತ್ತಿರಲಿಲ್ಲ. ಸೈನಿಕನ ಅಕ್ಕ ದಿನಾ ಪಾಕಿಸ್ತಾನದವಳ ಕಾರಿನಲ್ಲಿ ಓಡಾಡುತ್ತಾಳೆ ಎಂದು ಯಾರಾದರೂ ಅವನ ಮೇಲಿನವರ ಕಿವಿಗೆ ಹಾಕಿದರೆ? ಅದೂ ನಮ್ಮಂಥ ಹೆಸರಿನವರು. ಅವನು ಬೇರೆಯವರಿಗಿಂತ ಎರಡು ಪಟ್ಟು ನಿಯತ್ತು ತೋರಿಸಿ ಮೇಲೆ ಬಂದವನು. ನನ್ನ ಕಾರ್‌ಪೂಲಿನಿಂದ ಅವನಿಗೆ ಕುತ್ತು ಬರುವುದು ಬೇಡವೆಂದು ಬಾಯಿ ಮುಚ್ಚಿಕೊಂಡಿದ್ದೆ.

2008ರ ಬೇಸಿಗೆಯಲ್ಲಿ ಮತ್ತೆ ಶುರುವಾಯಿತು. ತಮ್ಮ ಆಗ ಕಾಶ್ಮೀರದ ಗಡಿಯಲ್ಲೇ ಇದ್ದ, ಅಷ್ಟು ಬಾಜಿಗೂ ಗೊತ್ತಿತ್ತು. ನಾನು ಓದುವ ಕನ್ನಡ ಪತ್ರಿಕೆಯ ವೆಬ್‌ಸೈಟಿನಲ್ಲಿ ಮೂರು ಸಾಲು: ಕದನ ವಿರಾಮ ಉಲ್ಲಂಘನೆ, ಆ ಕಡೆಯಿಂದ ಅಪ್ರಚೋದಿತ ಗುಂಡು, ನಮ್ಮವರಿಂದ ತಕ್ಕ ಉತ್ತರ. ಬಾಜಿ ಓದುವ ಪತ್ರಿಕೆಯಲ್ಲೂ ಅವೇ ಮೂರು ಸಾಲು, ಕಡೆ ಮಾತ್ರ ಅದಲು ಬದಲು. ಇಬ್ಬರೂ ಆಫೀಸಿನ ಊಟದ ಹೊತ್ತಿನಲ್ಲಿ ಎರಡನ್ನೂ ಪಕ್ಕಪಕ್ಕ ತೆರೆದು ಓದುತ್ತಿದ್ದೆವು. ಯಾರೂ ಮೊದಲು ಹಾರಿಸಿಲ್ಲ, ಎಲ್ಲರೂ ಉತ್ತರ ಕೊಟ್ಟಿದ್ದಾರೆ! ಪ್ರಶ್ನೆಯೇ ಇಲ್ಲದೆ ಇಷ್ಟೊಂದು ಉತ್ತರ ಎಲ್ಲಿಂದ ಬರುತ್ತದೆ ಎಂದು ನನಗೆ ಕಂಪ್ಯೂಟರನ್ನು ಎತ್ತಿ ಒಗೆಯುವಷ್ಟು ಸಿಟ್ಟು ಬರುತ್ತಿತ್ತು.

ಒಂದು ಶುಕ್ರವಾರ ಬಾಜಿ ನನ್ನನ್ನು ಮನೆ ಮುಂದೆ ಇಳಿಸುವಾಗ ಎಂಜಿನ್ ಆಫ್ ಮಾಡಿದರು. ಎಂದೂ ಮಾಡುತ್ತಿರಲಿಲ್ಲ.

"ಅಮ್ಮಿಯನ್ನ ಪಟ್ಟಣಕ್ಕೆ ಕರ್ಕೊಂಡು ಬರಬೇಕಾ ಬೇಡವಾ ಅಂತ ಅಣ್ಣ ಕೇಳ್ತಿದ್ದಾನೆ. ಜೋಳ ಕೊಯ್ಯೋತನಕ ಬರೋದಿಲ್ಲ ಅಂತ ಅವಳ ಹಟ. ನಾನು ಗಟ್ಟಿಯಾಗಿ ಹೇಳಿದ್ರೆ ಬರ್ತಾಳೆ. ಈ ಪತ್ರಿಕೆಗಳನ್ನ ನಂಬೋ ಹಾಗಿಲ್ಲ. ನಿನ್ನ ತಮ್ಮನ್ನ ಕೇಳು. ಅಲ್ಲಿ ನಿಜವಾಗಿ ಹಾರ್ತಿದೆಯಾ ಇಲ್ಲವಾ, ಅಷ್ಟೇ."

ಮಾರನೇ ದಿನ ಸಂಜೆ ಕಾಲಿಂಗ್ ಕಾರ್ಡ್ ಉಜ್ಜಿ, ನಂಬರು ಒತ್ತಿ ಕೂತೆ. ಅಲ್ಲಿ ಭಾನುವಾರ ಬೆಳಗು. ತಮ್ಮ ಕೆಳಗಿನ ಕ್ಯಾಂಪಿಗೆ ಇಳಿದಾಗ ಮಾತ್ರ ಅವನ ಮೊಬೈಲು ಹತ್ತುತ್ತಿತ್ತು. ಅವತ್ತು ಹತ್ತಿತು. ಬಾಜಿಯ ಪ್ರಶ್ನೆಯನ್ನು ನನ್ನ ಪ್ರಶ್ನೆ ಮಾಡಿ ಕೇಳಿದೆ.

"ಪೇಪರಿನ್ಯಾಗ ಏನೇನೋ ಬರಾಕತ್ತೈತಲ್ಲೋ, ಗುಂಡು ಹಾರತಾವೇನು ಅಲ್ಲಿ?"

"ಏನಿಲ್ಲ ಅಕ್ಕಾ, ಆರಾಮ ಅದೀವಿ. ಪೇಪರಿನವರಿಗೆ ಕೆಲಸ ಇಲ್ಲ, ಬರೀತಾರ. ನಿನ್ನೆ ವಾಲಿಬಾಲ್ ಆಡಿದ್ವಿ."

"ಖರೇ ಹೇಳಾಕತ್ತಿ?"

"ನಿನ್ನ ಆಣಿ. ಚಿಂತಿ ಮಾಡಬ್ಯಾಡ."

ನಾನು ತಕ್ಷಣ ಬಾಜಿಗೆ ಫೋನು ಮಾಡಿದೆ. ಎಲ್ಲ ಆರಾಮವಂತೆ, ವಾಲಿಬಾಲ್ ಆಡುತ್ತಿದ್ದಾರಂತೆ ಎಂದೆ. ನನ್ನ ದನಿಯಲ್ಲಿ ಒಂಥರಾ ಜಂಬವೂ ಇತ್ತು, ಪತ್ರಿಕೆಯವರಿಗೆ ಸಿಗದ ಸುದ್ದಿ ನನಗೆ ಸಿಕ್ಕಿತಲ್ಲ ಎಂದು. ಬಾಜಿ ಉಸ್ಸೆಂದರು. ಅಮ್ಮಿ ಜೋಳ ಕೊಯ್ದುಕೊಂಡೇ ಬರಲಿ ಎಂದು ಅಣ್ಣನಿಗೆ ಹೇಳಿದರು.

ಒಂಬತ್ತನೇ ದಿನ ಅಮ್ಮಿಯ ಅಂಗಳದಲ್ಲಿ ಶೆಲ್ ಬಿತ್ತು.

ಬಾಜಿ ಆಫೀಸಿನಲ್ಲಿ ರಜೆ ಬರೆದುಕೊಟ್ಟು ಹೊರಟರು. ಅಮ್ಮಿ ಆಸ್ಪತ್ರೆಯಲ್ಲಿದ್ದಾಳೆ, ಕಾಲಿಗೆ ಸ್ವಲ್ಪ ತರಚಿದೆ ಎಂದಷ್ಟೇ ಗೊತ್ತಿತ್ತು. ಅಮ್ಮಿಯೇ ಫೋನಿನಲ್ಲಿ ಹಾಗೆ ಹೇಳಿದ್ದಳು. ಆ ಮೂರು ವಾರ ನಾನು ಒಬ್ಬಳೇ ಗ್ಲೆಂಡೇಲಿಗೆ ಹೋದೆ. ಆಮೆಗತಿಯ ಲೇನಿನಲ್ಲಿ ಕೂತು, ಪಕ್ಕದ ಕಾರ್‌ಪೂಲ್ ಲೇನಿನಲ್ಲಿ ಸರ್‍ರನೆ ಹೋಗುವ ಜೋಡಿ ತಲೆಗಳನ್ನು ನೋಡುತ್ತಾ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಯಾಕೆಂದರೆ ಇದು ನನಗೆ ಗೊತ್ತಿರಬೇಕಿತ್ತು. ನಮ್ಮ ಮನೆಯಲ್ಲಿ ಫೋನಿನಲ್ಲಿ ಯಾರೂ ನಿಜ ಹೇಳುವುದಿಲ್ಲ. ನನ್ನ ಗಂಡನ ಕೆಲಸ ಹೋಗಿ ನಾಲ್ಕು ತಿಂಗಳು ಮನೆಯಲ್ಲಿ ಕೂತಿದ್ದಾಗ ಅವ್ವನಿಗೆ ನಾನು ಹೇಳಿದ್ದು ಆರಾಮ ಅದೀವಿ ಎಂದೇ. ಅವ್ವನ ಕಣ್ಣಿನ ಆಪರೇಶನ್ ಆದದ್ದು ನನಗೆ ತಿಳಿದದ್ದು ಮರುವರ್ಷ ಊರಿಗೆ ಹೋಗಿ ದಪ್ಪ ಕನ್ನಡಕ ನೋಡಿದಾಗ. ದೂರದಲ್ಲಿರುವವರಿಗೆ ಕೆಟ್ಟ ಸುದ್ದಿ ಕೊಡಬಾರದು, ಕೊಟ್ಟರೆ ಅವರು ಏನು ತಾನೇ ಮಾಡಿಯಾರು ಎಂಬುದು ನಮ್ಮ ರೂಢಿ. ಆರಾಮ ಎನ್ನುವುದು ನಮ್ಮಲ್ಲಿ ಸುದ್ದಿಯಲ್ಲ, ಹಲೋ ಇದ್ದ ಹಾಗೆ. ಅದನ್ನೇ ನಾನು ಗಡಿಯ ವರದಿ ಎಂದು ಹೊತ್ತುಕೊಂಡು ಹೋಗಿ ಇನ್ನೊಬ್ಬರ ತಾಯಿಯ ತಲೆಯ ಮೇಲೆ ಇಟ್ಟಿದ್ದೆ.

ಮನೆಯಲ್ಲಿ ಮಗಳಿಗೆ ಎಂಟು ವರ್ಷ. ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ. ಅಮ್ಮಿಯ ಸುದ್ದಿ ಕೇಳಿ "ವೈ ಡಿಡಂಟ್ ಶಿ ಜಸ್ಟ್ ಮೂವ್?" ಎಂದಳು, ಬೇರೆ ಕಡೆ ಹೋಗಬಹುದಿತ್ತಲ್ಲ ಎಂದು. ಟೊರೆನ್ಸಿನಲ್ಲಿ ಹುಟ್ಟಿದ ಮಗು, ಮನೆ ಬದಲಿಸುವುದೆಂದರೆ ಟ್ರಕ್ ಬಾಡಿಗೆಗೆ ತರುವುದು ಎಂದುಕೊಂಡಿದೆ. ಅವಳ ಮೇಲೆ ರೇಗಿದೆ, ಆಮೇಲೆ ಬೇಜಾರಾಯಿತು. ಹೋಗಬಹುದಿತ್ತು ಮಗಳೇ, ನಾನು ಬೇಡವೆಂದೆ ಎಂದು ಹೇಳಲು ಬಾಯಿ ಬರಲಿಲ್ಲ.

ಅದೇ ದಿನಗಳಲ್ಲಿ ಸ್ಯಾನ್ ಡಿಯಾಗೋದ ಪಾರ್ಕಿನಲ್ಲಿ ಕನ್ನಡದವರ ಪಿಕ್‌ನಿಕ್ ಇತ್ತು. ಗಂಡ ಎಳೆದುಕೊಂಡು ಹೋದರು. ಚಿತ್ರಾನ್ನದ ತಟ್ಟೆ ಹಿಡಿದ ಒಬ್ಬ ಅಂಕಲ್‌ಗೆ ನನ್ನ ತಮ್ಮ ಗಡಿಯಲ್ಲಿದ್ದಾನೆಂದು ಯಾರೋ ಹೇಳಿದರು. ಅಂಕಲ್ ಮುಖ ಅರಳಿತು.

"ಶಹಬ್ಬಾಸ್ ಕಣಮ್ಮ! ನಿಮ್ಮ ತಮ್ಮ ಒಂದಕ್ಕೆ ಹತ್ತು ಕೊಟ್ಟಿರ್ತಾರೆ ಬಿಡಿ ಅವರಿಗೆ."

ಸುತ್ತಲಿನವರು ಚಪ್ಪಾಳೆ ತಟ್ಟಿದರು. ಆ ಹತ್ತರಲ್ಲಿ ಒಂದು ಎಲ್ಲಿ ಬಿತ್ತು ಗೊತ್ತಾ ಅಂಕಲ್, ಕೋಳಿಗೂಡಿನ ಪಕ್ಕ ಎನ್ನಬೇಕೆನಿಸಿತು. ಎನ್ನಲಿಲ್ಲ. ಹಾಗೆಂದಿದ್ದರೆ ಮರುದಿನದಿಂದ ನಾನು ಯಾವ ಕಡೆಯವಳು ಎಂಬ ಮಾತು ಶುರುವಾಗುತ್ತಿತ್ತು. ಥ್ಯಾಂಕ್ಸ್ ಅಂಕಲ್ ಎಂದು ಮೊಸರನ್ನದ ಕಡೆ ನಡೆದೆ. ಹೇಡಿತನವೇ, ಒಪ್ಪುತ್ತೇನೆ.

ಪಿಕ್‌ನಿಕ್ಕಿನಿಂದ ವಾಪಸ್ ಬಂದ ಸಂಜೆಯೇ ತಮ್ಮನಿಗೆ ಫೋನು ಮಾಡಿದೆ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಒಂದೇ ಉಸಿರಿನಲ್ಲಿ ಹೇಳಿದೆ: ಜೊತೆಯಲ್ಲಿ ಕೆಲಸ ಮಾಡುವವಳು, ಆ ಕಡೆಯವಳು, ಅವಳ ತಾಯಿಗಾಗಿ ಕೇಳಿದ್ದು.

ತಮ್ಮ ಫೋನು ಹಿಡಿದು ದೂರ ನಡೆದ ಬೂಟಿನ ಸದ್ದು ಕೇಳಿಸಿತು. ಕಾರ್ಡಿನ ನಿಮಿಷ ಓಡುತ್ತಿತ್ತು.

"ಆ ವಾರ ದಿನಾ ಹಾರತಿತ್ತು ಅಕ್ಕಾ. ನಿನ್ನ ಸಂಗಾಟ ಮಾತಾಡಿ ಫೋನ್ ಇಟ್ಟು ಸೀದಾ ಮ್ಯಾಲಿನ ಪೋಸ್ಟಿಗೆ ಹೋದೆ."

"ಮತ್ತ ನನ್ನ ಆಣಿ ಮಾಡಿದ್ಯಲ್ಲೋ!"

"ನಿನಗ ಹೇಳಿದ್ರ ಅವ್ವಗ ಮುಟ್ಟತೈತಿ. ಅವ್ವ ಊಟ ಬಿಡ್ತಾಳ. ಮನಿಗೆ ಯಾರ್ ಖರೇ ಹೇಳ್ತಾರ?" ಆಮೇಲೆ ದನಿ ತಗ್ಗಿಸಿ, "ಯಾರ ಸಲುವಾಗಿ ಕೇಳಾಕತ್ತೀನಿ ಅಂತ ನೀ ಹೇಳಬೇಕಿತ್ತು" ಎಂದ.

"ಹೇಳಿದ್ರ ಖರೇ ಹೇಳತಿದ್ದೇನು?"

"ಗೊತ್ತಿಲ್ಲ ಅಕ್ಕಾ" ಎಂದ. "ಫೋನಿನ್ಯಾಗ ಇಂಥಾದ್ದು ಮಾತಾಡಬ್ಯಾಡ ಇನ್ನ."

ಅದಾದ ಮೇಲೆ ಅವನ ಮೊಬೈಲು ಹತ್ತಲಿಲ್ಲ. ಕ್ಯಾಂಪಿಗೆ ಇಳಿದಿಲ್ಲವೋ, ನನ್ನ ಮೇಲೆ ಸಿಟ್ಟೋ, ಇನ್ನೇನೋ. ಅವ್ವನನ್ನು ಕೇಳಿದರೆ ಅವಳ ಉತ್ತರ ಗೊತ್ತಿದ್ದದ್ದೇ.

ಐದನೇ ದಿನ ಬೆಳಿಗ್ಗೆ ಏಳಕ್ಕೆ ಹೊರಗೆ ಹಾರ್ನ್ ಕೇಳಿಸಿತು. ಬಾಜಿ. ಬರುತ್ತೇನೆಂದು ಹೇಳಿಯೂ ಇರಲಿಲ್ಲ. ಮುಖ ಸೊರಗಿತ್ತು, ಕೂದಲಿಗೆ ಬಣ್ಣ ಹಾಕದೆ ಬೇರಲ್ಲಿ ಬೆಳ್ಳಗೆ ಕಾಣುತ್ತಿತ್ತು. ಹತ್ತಿ ಕೂತು ಬೆಲ್ಟ್ ಹಾಕಿದೆ. ಕಾರು ಫ್ರೀವೇ ಸೇರಿತು.

"ಅಮ್ಮಿಯ ಪಾದ ತೆಗೆದಿದ್ದಾರೆ" ಎಂದರು. "ತರಚಿದೆ ಅಂದಿದ್ದಳು ನನಗೆ."

ನಾನು ಇನ್ನು ತಡೆಯಲಾರದೆ ಹೇಳಿಬಿಟ್ಟೆ. "ಬಾಜಿ, ನನ್ನ ತಮ್ಮ ಸುಳ್ಳು ಹೇಳಿದ್ದ. ಆ ವಾರ ದಿನಾ ಗುಂಡು ಹಾರುತ್ತಿತ್ತಂತೆ. ನಾನು ವಿಚಾರಿಸದೆ ನಿಮಗೆ ದಾಟಿಸಿದೆ. ನೀವು ನನ್ನನ್ನ ಏನು ಬೇಕಾದ್ರೂ ಅನ್ನಿ."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮುಂದಿನ ಟ್ರಕ್ಕಿನ ಹಿಂಭಾಗವನ್ನೇ ನೋಡುತ್ತಾ ನಿಧಾನಕ್ಕೆ ಹೇಳಿದರು.

"ಆ ವಾರವೆಲ್ಲ ಅಮ್ಮಿ ಕೋಳಿಗಳನ್ನ ಒಳಗೆ ತಂದುಕೊಂಡು ಮಂಚದ ಕೆಳಗೆ ಮಲಗಿದ್ದಳಂತೆ. ನಾನು ಫೋನ್ ಮಾಡಿದಾಗೆಲ್ಲ ಖೈರಿಯತ್, ಖೈರಿಯತ್, ಎಲ್ಲ ಕ್ಷೇಮ ಅಂದಳು. ಅವಳ ಮಾತು ನಂಬೋದಕ್ಕಾಗದೇ ತಾನೇ ನಿನ್ನ ತಮ್ಮನ್ನ ಕೇಳು ಅಂದದ್ದು. ಅವನು ಸೈನಿಕ, ನಮ್ಮ ಹಾಗೆ ಅಲ್ಲ, ಇದ್ದದ್ದು ಇದ್ದ ಹಾಗೆ ಹೇಳ್ತಾನೆ ಅಂದುಕೊಂಡೆ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ತಮ್ಮನ ಮೇಲೆ, ಅಮ್ಮಿಯ ಮೇಲೆ, ಆ ಮೂರು ಸಾಲಿನವರ ಮೇಲೆ, ನನ್ನ ಮೇಲೆ. ಯಾರ ಮೇಲೆ ಎಷ್ಟು ಎಂದು ಬಿಡಿಸಿ ಹೇಳಲು ಇವತ್ತಿಗೂ ನನಗೆ ಆಗುವುದಿಲ್ಲ.

ಬಾಜಿ ಇಂಡಿಕೇಟರ್ ಹಾಕಿ ಕಾರ್‌ಪೂಲ್ ಲೇನಿಗೆ ತೆಗೆದುಕೊಂಡರು. ಕಾರು ವೇಗ ಹಿಡಿಯಿತು.

"ಈಗ ಹೇಗಿದ್ದಾನೆ ನಿನ್ನ ತಮ್ಮ?" ಎಂದು ಕೇಳಿದರು.

ಐದು ದಿನದಿಂದ ಅವನ ಫೋನು ಹತ್ತಿಯೇ ಇರಲಿಲ್ಲ.

"ಆರಾಮ ಇದ್ದಾನೆ ಬಾಜಿ" ಎಂದೆ.