ಷಡ್ಡಕನಿಗೆ ಬಿದ್ದ ಹೂವು, ನನ್ನ ಮಗಳ ರಕ್ತನಾಳ

ಹೊಟ್ಟೆಕಿಚ್ಚು ಮನುಷ್ಯನನ್ನು ಒಳಗಿನಿಂದಲೇ ಸುಟ್ಟು ಬೂದಿ ಮಾಡುತ್ತದೆಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಿಗೆ ಷಡ್ಡಕರಿರಲಿಲ್ಲವೆಂದು ಕಾಣುತ್ತದೆ.

ನನಗೆ ಒಬ್ಬನಿದ್ದಾನೆ. ನನ್ನ ಹೆಂಡತಿಯ ತಂಗಿಯ ಗಂಡ ಮಲ್ಲೇಶ, ವಾಸ ವೈಟ್‌ಫೀಲ್ಡಿನಲ್ಲಿ ಹನ್ನೊಂದನೆಯ ಮಹಡಿ. ನಾನು ಪೀಣ್ಯದಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವವನು, ವಾಸ ಜಾಲಹಳ್ಳಿಯಲ್ಲಿ ನೆಲಕ್ಕೆ ಹತ್ತಿರ. ಇಷ್ಟನ್ನು ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಹೂವಿನ ವಿಷಯ. ಭಕ್ತರಿಗೆ ಗೊತ್ತೇ ಇದೆ, ನಮ್ಮ ವೀರಭದ್ರಸ್ವಾಮಿಯ ಗುಡಿಯಲ್ಲಿ ಯಾವ ಕಾರ್ಯಕ್ಕೂ ಮೊದಲು ಹೂ ಕೇಳುತ್ತೇವೆ. ನೀರಲ್ಲಿ ಅದ್ದಿದ ಹೂಗಳನ್ನು ಅರ್ಚಕರು ಸ್ವಾಮಿಯ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಬಲಗಡೆ ಬಿದ್ದರೆ ಅಪ್ಪಣೆ, ಎಡಗಡೆ ಬಿದ್ದರೆ ಬೇಡ. ವರ್ಷಕ್ಕೊಮ್ಮೆ ಬರುವ ಮಲ್ಲೇಶ "ಕಾರು..." ಎಂದು ಬಾಯಿ ತೆರೆಯುವಷ್ಟರಲ್ಲಿ ಬಲಗಡೆಯದು ಬೀಳುತ್ತದೆ. ಪ್ರತಿ ಸೋಮವಾರ ಗುಡಿಯ ಅಂಗಳ ಗುಡಿಸುವ ನನಗೆ ಎಡಗಡೆಯದೂ ಬಿದ್ದದ್ದಿಲ್ಲ.

ನನ್ನ ತಾಯಿ ನನಗೆ ಬಿಟ್ಟುಹೋದ ಆಸ್ತಿಯೆಂದರೆ ಮೈತುಂಬ ಗಂಟುಗಳು. ನರಗಳ ಮೇಲೆ ಗಡ್ಡೆ ಬೆಳೆಯುವ ಈ ಕಾಯಿಲೆ ವಂಶದಲ್ಲಿ ಇಳಿಯುತ್ತದೆ. ಮಗಳು ಶಾಂಭವಿಗೂ ಇಳಿಯಿತು, ಮೈಮೇಲೆ ಕಾಫಿ ಚೆಲ್ಲಿದಂಥ ಮಚ್ಚೆಗಳಾಗಿ. ಮಲ್ಲೇಶನ ಮಗಳು ನಿಧಿ ಇವಳ ವಾರಿಗೆಯವಳೇ, ಮೈ ಮಾತ್ರ ತಿಕ್ಕಿ ತೊಳೆದ ಬೆಳ್ಳಿತಟ್ಟೆ. ಹಬ್ಬದ ದಿನ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ತೆಗೆದ ಫೋಟೋಗಳನ್ನು ನಾನು ನೋಡುತ್ತಿರಲಿಲ್ಲ.

ಹತ್ತನೆಯ ತರಗತಿಗೆ ಬಂದಮೇಲೆ ಶಾಂಭವಿಗೆ ತಲೆನೋವು ಹಿಡಿಯಿತು. ಕನ್ನಡಕ ಹಾಕಿಸಿದೆವು. ಮೊಬೈಲನ್ನು ಬೈದೆವು. ಬಿ.ಪಿ. ನೋಡಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ; ಅದು ನಮ್ಮಂಥ ದೊಡ್ಡವರ ಸ್ವತ್ತು ಎಂದು ನಂಬಿದ್ದೆವು.

ಹೋದ ಕಾರ್ತಿಕದ ಒಂದು ಸೋಮವಾರ ಗುಡಿಯ ಹಜಾರದಲ್ಲಿ ಉಚಿತ ಬಿ.ಪಿ. ತಪಾಸಣೆ ಇತ್ತು. ಮಲ್ಲೇಶ ತಾನು ನೋಡಿಸಿಕೊಂಡದ್ದು ಸಾಲದೆಂದು ನಿಧಿಯನ್ನೂ ಕೂರಿಸಿದ.

"ನೂರಾ ಹದಿನಾಲ್ಕು! ನೋಡಿ ಅಣ್ಣ, ಯೋಗ ಕ್ಲಾಸಿನ ಎಫೆಕ್ಟು."

ನನ್ನಿಂದ ತಡೆಯಲಾಗಲಿಲ್ಲ. ಶಾಂಭವಿಯ ರಟ್ಟೆ ಹಿಡಿದು ಕುರ್ಚಿಗೆ ತಂದೆ. "ನಮ್ಮವಳದ್ದೂ ನೋಡಮ್ಮ."

"ಅಪ್ಪಾ, ಇದ್ರಲ್ಲೂ ಕಾಂಪಿಟೇಶನ್ನಾ?" ಎಂದಳು ಮಗಳು.

ನಾನು ಗರ್ಭಗುಡಿಯ ಕಡೆ ತಿರುಗಿ ಕೈಮುಗಿದು ಮನಸ್ಸಿನಲ್ಲೇ ಬೇಡಿದೆ: ಸ್ವಾಮಿ, ಅವನ ಮಗಳಿಗಿಂತ ಎರಡಾದರೂ ಕಡಿಮೆ ಬರಲಿ, ಇನ್ನೇನೂ ಕೇಳುವುದಿಲ್ಲ.

ನೂರಾ ತೊಂಬತ್ತು ಬಂತು. ನರ್ಸು ಇನ್ನೊಂದು ಕೈಗೆ ಪಟ್ಟಿ ಕಟ್ಟಿದಳು. ಅಷ್ಟೇ ಬಂತು. ಡಾಕ್ಟರಮ್ಮ ಮಚ್ಚೆ ನೋಡಿದರು, ನನ್ನ ಕುತ್ತಿಗೆಯ ಗಂಟು ನೋಡಿದರು, ಆಮೇಲೆ ಮಗಳ ಹೊಟ್ಟೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು.

ಅವರು ಬರೆದುಕೊಟ್ಟ ಚೀಟಿ ಹಿಡಿದು, ಎರಡು ಬಸ್ಸು ಬದಲಿಸಿ ದೊಡ್ಡಾಸ್ಪತ್ರೆಗೆ ಹೋದೆವು. ಸ್ಕ್ಯಾನ್ ಮಾಡಿದ ಡಾಕ್ಟರು ಬಿಡಿಸಿ ಹೇಳಿದರು: "ಈ ಕಾಯಿಲೆ ಬರೀ ನರಕ್ಕಲ್ಲ, ರಕ್ತನಾಳಕ್ಕೂ ಬರುತ್ತೆ. ಕಿಡ್ನಿಗೆ ಹೋಗೋ ನಾಳದ ಗೋಡೆ ದಪ್ಪ ಆಗಿ ದಾರಿ ಕಿರಿದಾಗಿದೆ. ರಕ್ತ ಸಾಲ್ತಿಲ್ಲ ಅಂತ ಕಿಡ್ನಿ ಮೈಯೆಲ್ಲಾ ಬಿ.ಪಿ. ಏರಿಸ್ತಿದೆ. ತಂತಿ ತೂರಿಸಿ, ಬಲೂನು ಹಾಕಿ ಅಗಲ ಮಾಡ್ಬೇಕು. ತಡ ಮಾಡ್ಬೇಡಿ."

ನಾನು ತಡ ಮಾಡಿದೆ. ಹೂ ಬೀಳದೆ ಮಗಳ ಮೈಗೆ ತಂತಿ ತೂರಿಸಲು ಒಪ್ಪುವುದು ಹೇಗೆ? ಒಂದು ಸೋಮವಾರ ಕೇಳಿದೆ, ಹೂವು ಅಲುಗಲಿಲ್ಲ. ಮುಂದಿನ ಸೋಮವಾರವೂ ಅಷ್ಟೇ. ಮಾತ್ರೆ ನುಂಗಿದರೂ ಬಿ.ಪಿ. ಇಳಿಯಲಿಲ್ಲ. ಒಂದು ಬೆಳಿಗ್ಗೆ ಶಾಂಭವಿ ವಾಂತಿ ಮಾಡಿಕೊಂಡು, "ಅಪ್ಪ, ಬೋರ್ಡು ಮಂಜು ಮಂಜಾಗಿ ಕಾಣುತ್ತೆ" ಎಂದಳು. ಮತ್ತೆ ಗುಡಿಗೆ ಓಡಿದೆವು. ಸುದ್ದಿ ಕೇಳಿ ಮಲ್ಲೇಶನೂ ಬಂದ. ನಾನು ಕೇಳಿ ಕೇಳಿ ಸೋತು ಪಕ್ಕಕ್ಕೆ ಸರಿದೆ. ಅವನು ಕೈಮುಗಿದು, "ಶಾಂಭವಿಗೆ ಮಾಡಿಸ್ಬೋದಾ ಸ್ವಾಮಿ?" ಎಂದ. ಬಲಗಡೆಯ ಹೂವು ಉದುರಿತು.

ಇಷ್ಟು ವರ್ಷ ಅಂಗಳ ಗುಡಿಸಿದವನಿಗೆ ಹೇಗಾಗಿರಬೇಡ! "ನನ್ನ ಮಗಳ ಹೂವು ನಿನಗ್ಯಾಕೋ ಬೀಳ್ಬೇಕು? ಇದು ಲೆಕ್ಕಕ್ಕಿಲ್ಲ!" ಎಂದು ಗರ್ಭಗುಡಿಯೆದುರೇ ಕೂಗಿದೆ.

ನನ್ನ ಹೆಂಡತಿ ಗಿರಿಜೆ ಸೆರಗು ಸಿಕ್ಕಿಸಿಕೊಂಡಳು. "ಹೌದು ಕಣ್ರೀ. ನಿಮ್ ಹೂವು ಬೀಳೋವರ್ಗೂ ಕಾಯ್ತಾ ಇರು ಅಂತ ಅವಳ ಕಿಡ್ನಿಗೆ ನೀವೇ ಹೇಳಿ."

"ಚಿಕ್ಕಪ್ಪ ಕೇಳಿದ್ದು ನನ್ನ ಹೆಸ್ರಲ್ಲಿ ತಾನೆ ಅಪ್ಪ? ನಡೀರಿ," ಎಂದಳು ಮಗಳು, ಕಂಬ ಹಿಡಿದುಕೊಂಡೇ.

ಸ್ವಾಮಿಯೇ ಕೊಟ್ಟ ಕಾರೆಂದು ಅವನು ಸಾರುತ್ತಿದ್ದ ಆ ಕಾರಿನಲ್ಲೇ ಹೋದೆವು. ಸೀಟು ಬಹಳ ಮೆತ್ತಗಿತ್ತು. ಅದಕ್ಕೂ ಸಂಕಟಪಟ್ಟೆ.

ತೊಡೆಸಂದಿಯಿಂದ ಸಣ್ಣ ತಂತಿ ತೂರಿಸಿ ಬಲೂನು ಉಬ್ಬಿಸಿದರು. ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಬಂದರು. "ನಾಳ ಹಟ ಮಾಡ್ತಿದೆ, ಬಲೂನು ಇಳಿಸಿದ ತಕ್ಷಣ ಮತ್ತೆ ಕುಗ್ಗುತ್ತೆ. ಜಾಸ್ತಿ ಒತ್ತಡ ಕೊಡ್ಬೇಕು. ನಾಳ ಹರಿದುಹೋಗೋ ಅಪಾಯ ಇದೆ, ಒಪ್ತೀರಾ?"

ಒಪ್ಪಿದೆ. ಆ ಗಳಿಗೆಯಲ್ಲಿ ನನ್ನ ಮನಸ್ಸು ನಿರ್ಮಲವಾಯಿತೆಂದು ಬರೆದರೆ ಸ್ವಾಮಿ ಮೆಚ್ಚುವುದಿಲ್ಲ. ನಿಧಿ ಈಗ ಶಾಲೆಯ ಬೆಂಚಿನ ಮೇಲೆ ಕೂತು ಆಕಳಿಸುತ್ತಿರುತ್ತಾಳೆ ಎಂದುಕೊಂಡೆ. ಹೊಟ್ಟೆ ಧಗಧಗ ಉರಿಯಿತು. ಸ್ವಾಮಿ, ನನ್ನ ಮಗಳಿಗೂ ಅದನ್ನೇ ಕೊಡು, ಬೆಂಚಿನ ಮೇಲೆ ಆಕಳಿಸುವ ಭಾಗ್ಯ ಕೊಡು, ಎಂದೆ. ಅದಕ್ಕಿಂತ ಗಟ್ಟಿಯಾಗಿ ನಾನು ಎಂದೂ ಪ್ರಾರ್ಥಿಸಿಲ್ಲ. ಪಕ್ಕದಲ್ಲಿದ್ದ ಮಲ್ಲೇಶ ಜೇಬಿನಿಂದ ಬಾಡಿದ ಆ ಹೂವು ತೆಗೆದು, "ಇಟ್ಕೊಳಿ ಅಣ್ಣ, ನಿಮ್ದೇ," ಎಂದ. ತೆಗೆದುಕೊಂಡೆ.

ನಾಳ ತೆರೆಯಿತು. ಹರಿದುಹೋಗಲಿಲ್ಲ.

ಭಕ್ತರಲ್ಲಿ ನನ್ನ ಅರಿಕೆ ಇಷ್ಟೇ. ಸ್ವಾಮಿ ನಮ್ಮ ಗುಣ ನೋಡಿಕೊಂಡು ಕೆಲಸ ಮಾಡುವುದಿಲ್ಲ. ನಮ್ಮಲ್ಲಿ ಏನು ಸಿಗುತ್ತದೋ ಅದನ್ನೇ ಹಿಡಿದು ಎಳೆಯುತ್ತಾನೆ. ನನ್ನಲ್ಲಿ ಹೊಟ್ಟೆಕಿಚ್ಚು ಸಿಕ್ಕಿತು. ಆ ದಿನ ಅದಿಲ್ಲದಿದ್ದರೆ ಮಗಳನ್ನು ಕುರ್ಚಿಗೆ ಎಳೆದು ತರುತ್ತಿರಲಿಲ್ಲ. ಅವನಿಗೆ ಕೋಟಿ ನಮಸ್ಕಾರ. ಸೋಮವಾರದ ಕಸಬರಿಕೆ ಬಿಟ್ಟಿಲ್ಲ. ನನಗೆ ಇಂದಿಗೂ ಹೂವು ಬಿದ್ದಿಲ್ಲ.

ಮಗಳಿಗೆ ಈಗ ದಿನಕ್ಕೊಂದು ಮಾತ್ರೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಹೋದ ವಾರ ಇಬ್ಬರು ಹುಡುಗಿಯರ ಬಿ.ಪಿ.ಯನ್ನೂ ನೋಡಿಸಿದೆವು. ನಿಧಿಯದು ನೂರಾ ಹದಿನಾಲ್ಕು. ಶಾಂಭವಿಯದು ನೂರಾ ಹನ್ನೆರಡು.